ಗ್ರೂಪಿಗೆ ಯಾರದೋ ಫೋಟೋ ಹಾಕುವ ಮುಂಚೆ ಇದನ್ನು ಓದಿ

ನಮ್ಮ ಬೀದಿಯಲ್ಲಿ ಒಂದೇ ವಾರದಲ್ಲಿ ಎರಡು ಮನೆಗಳ ಬೀಗ ಒಡೆದರು. ಎಲ್ಲರಿಗೂ ಭಯ. ಆ ರಾತ್ರಿಯೇ ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು. ಅದೇನೂ ತಪ್ಪಲ್ಲ. ಆಮೇಲೆ ಮಾಡಿದ್ದು ತಪ್ಪು.

ಮಾರನೇ ದಿನ ಒಬ್ಬರು ತಮ್ಮ ಸಿಸಿಟಿವಿಯ ಫೋಟೋ ಹಾಕಿದರು. ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಯುವಕ ಒಂದೊಂದೇ ಗೇಟು ನೋಡುತ್ತಾ ಹೋಗುತ್ತಿದ್ದ. "ಇವರನ್ನು ಯಾರಾದರೂ ನೋಡಿದ್ದೀರಾ?" ಅಂತ ಕೇಳಿದ್ದರು, ಅಷ್ಟೇ. ಅರ್ಧ ಗಂಟೆಯಲ್ಲಿ ಅದು "ಇವನೇ ಕಳ್ಳ" ಆಯಿತು. ನಾನೂ ಮೂರು ಗ್ರೂಪಿಗೆ ಕಳಿಸಿದೆ. ವಾಟ್ಸಾಪ್ ಭಾರತದಲ್ಲಿ 2018ರಿಂದ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಿಂತ ಜಾಸ್ತಿ ಕಳಿಸಲು ಬಿಡುವುದಿಲ್ಲ, ನಿಜ. ಆದರೆ ಹತ್ತು ಜನ ಐದೈದು ಕಡೆ ಕಳಿಸಿದರೆ ಸಾಕಲ್ವಾ?

ಎರಡು ದಿನ ಬಿಟ್ಟು ಆ ಯುವಕ ಮತ್ತೆ ಬಂದ. ಹತ್ತು ಜನ ಸುತ್ತುಗಟ್ಟಿದರು. ಚೀಲ ಕಿತ್ತುಕೊಂಡು ರಸ್ತೆ ಮೇಲೆ ಸುರಿದರು. ಒಬ್ಬರು ಕೆನ್ನೆಗೆ ಹೊಡೆದೇಬಿಟ್ಟರು. ಅವನು ಬಾಡಿಗೆ ಮನೆ ಹುಡುಕುತ್ತಿದ್ದ. ಗೇಟು ನೋಡುತ್ತಿದ್ದುದು ಬೋರ್ಡ್ ಇದೆಯಾ ಅಂತ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಪೊಲೀಸರು ಬಂದು ಕೇಳಿದ್ದು ಒಂದೇ: ಕಳ್ಳತನ ಆದ ರಾತ್ರಿಯ ಫುಟೇಜ್ ಎಲ್ಲಿ? ಯಾರೂ ತೆಗೆದಿಟ್ಟಿರಲಿಲ್ಲ. ಡಿಸ್ಕ್ ತುಂಬಿದಾಗ ರೆಕಾರ್ಡರ್ ಹಳೆಯದನ್ನು ತಾನೇ ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ. ಮೂಲೆಮನೆಯ ಡಿಸ್ಕ್ ಚಿಕ್ಕದು, ಆ ರಾತ್ರಿ ಅಳಿಸಿಹೋಗಿತ್ತು. ಇನ್ನೊಂದು ಮನೆಯಲ್ಲಿ ಸಿಕ್ಕಿತು, ಆದರೆ ಅದರ ಗಡಿಯಾರ ನಲವತ್ತು ನಿಮಿಷ ಮುಂದಿತ್ತು. ಒಂದು ಬೈಕ್ ಕಾಣುತ್ತದೆ. ನಂಬರ್ ಪ್ಲೇಟ್ ಬರೀ ಬಿಳಿ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಪ್ಲೇಟಿಗೆ ಬಡಿದು ವಾಪಸ್ ಬಂದರೆ ಹೀಗಾಗುತ್ತದಂತೆ. ನಾವು ಒಂದು ಮುಖದ ಹಿಂದೆ ಓಡುತ್ತಿದ್ದಾಗ ನಿಜವಾದ ಸಾಕ್ಷಿ ಕೈಬಿಟ್ಟು ಹೋಯಿತು.

ನಿಮ್ಮ ಬೀದಿಯಲ್ಲಿ ಹೀಗಾದರೆ ಮೊದಲು ಫುಟೇಜನ್ನು ಪೆನ್‌ಡ್ರೈವಿಗೆ ಹಾಕಿಡಿ. ಘಟನೆಗೆ ಒಂದು ಗಂಟೆ ಮುಂಚಿನದು, ಒಂದು ಗಂಟೆ ನಂತರದ್ದು, ಎಲ್ಲಾ ಸೇರಿಸಿ. ಕತ್ತರಿಸಬೇಡಿ. ರೆಕಾರ್ಡರ್ ತೋರಿಸುವ ಸಮಯವನ್ನು ಫೋನಿನ ಸಮಯದ ಜೊತೆ ಹೋಲಿಸಿ ಬರೆದಿಡಿ. ದೂರು ಕೊಡಿ. ಫೋಟೋ ಹಂಚಬೇಕಾ ಬೇಡವಾ ಅಂತ ಪೊಲೀಸರು ಹೇಳಲಿ. ಗ್ರೂಪಿನಲ್ಲಿ ಕಂಡದ್ದನ್ನಷ್ಟೇ ಬರೆಯಿರಿ: ಎಷ್ಟು ಹೊತ್ತಿಗೆ, ಯಾವ ಕಡೆಗೆ, ಯಾವ ಬಣ್ಣದ ಗಾಡಿ. ಅನುಮಾನ ಬಂದವರನ್ನು ದಯವಿಟ್ಟು ಸುತ್ತುಗಟ್ಟಬೇಡಿ, ಪೊಲೀಸರಿಗೆ ಫೋನ್ ಮಾಡಿ.

ನಾನು ಕಳಿಸಿದ ಫೋಟೋವನ್ನು ಮೂರೂ ಗ್ರೂಪಿನಲ್ಲಿ ಅಳಿಸಿದೆ. ಅಲ್ಲಿಂದ ಮುಂದೆ ಹೋದದ್ದನ್ನು ಅಳಿಸಲು ಆಗುವುದಿಲ್ಲ. ಕಳೆದ ವಾರ ಅದೇ ಫೋಟೋ ಬೇರೆ ಊರಿನ ಪರಿಚಯದವರಿಂದ ನನಗೇ ಬಂತು. ಕೆಳಗೆ "ಮಕ್ಕಳ ಕಳ್ಳ, ಎಚ್ಚರ" ಅಂತ ಇತ್ತು. ತಕ್ಷಣ ಫೋನ್ ಮಾಡಿ ನಿಜ ಹೇಳಿದೆ. ಅವರು ಆಗಲೇ ಮುಂದೆ ಕಳಿಸಿ ಆಗಿತ್ತು.