ಸ್ಟೇಕ್‌ಗೆ ಬೀಡಿನ ಕಾವಲಿಯೋ, ನಾನ್‌ಸ್ಟಿಕ್ಕೋ?

ಕಾಸರಗೋಡಿನ ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ದೋಸೆಗೆಂದು ಬೀಡಿನ (ಎರಕದ ಕಬ್ಬಿಣದ) ಕಾವಲಿ ಹೇಗೂ ಇರುತ್ತದೆ. ಬೀಫ್ ಸ್ಟೇಕ್‌ಗೆ ನನ್ನ ವೋಟು ಅದಕ್ಕೇ. ಭಾರ ಜಾಸ್ತಿ, ಕಾಯಲು ಐದಾರು ನಿಮಿಷ ಬೇಕು. ಆದರೆ ತಣ್ಣಗಿನ ಮಾಂಸ ಬಿದ್ದರೂ ಬಿಸಿ ಥಟ್ಟನೆ ಇಳಿಯುವುದಿಲ್ಲ. ಮೇಲೆ ಚೆಂದದ ಕಂದು ಪದರ ಕಟ್ಟುತ್ತದೆ. ನಾನ್‌ಸ್ಟಿಕ್ ಹಗುರ, ತೊಳೆಯಲು ಸುಲಭ. ಆದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಹಾಳಾಗತೊಡಗುತ್ತದೆ. ಮೊಟ್ಟೆಗೆ ಇರಲಿ, ಅಲ್ವಾ?

ಅಂಗಡಿಯಲ್ಲಿ ಒಂದಿಂಚು ದಪ್ಪದ ಅಂಡರ್‌ಕಟ್ (ಸೊಂಟದ ಬಳಿಯ ಮೆತ್ತನೆ ಮಾಂಸ) ಕೇಳಿ. ಸುಮ್ನೆ ನಿಂತರೆ ಸಾರಿನ ತುಂಡು ಮಾಡಿಕೊಡುತ್ತಾರೆ! ಬಟ್ಟೆಯಲ್ಲಿ ನೀರು ಒರೆಸಿ, ಉಪ್ಪು ಹಚ್ಚಿ, ತುಪ್ಪದಲ್ಲಿ ಪ್ರತಿ ಮಗ್ಗುಲು 3–4 ನಿಮಿಷ. ಕೊಯ್ಯುವ ಮೊದಲು 5 ನಿಮಿಷ ಹಾಗೇ ಬಿಡಿ. ಪುನರ್ಪುಳಿ, ಹುಣಸೆಹುಳಿಯ ಸಾಸ್ ಮಾತ್ರ ಬೀಡಿನಲ್ಲಿ ಕುದಿಸಬೇಡಿ. ಎಣ್ಣೆ ಕುಡಿದು ಪಳಗಿದ ಮೈ ಕಿತ್ತುಹೋಗುತ್ತದೆ.