ಪ್ಯಾಕೇಜ್ ಮೂಲಗಳನ್ನು ‘ತಾನೇ ಸರಿಪಡಿಸುವ’ ಸೆಟಪ್ ಉಪಕರಣಗಳ ಬಗ್ಗೆ ಎಚ್ಚರ

ಲಿನಕ್ಸ್ ಯಂತ್ರದಲ್ಲಿ ಪ್ಯಾಕೇಜ್ ಮೂಲಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳು (ಪ್ಯಾಕೇಜುಗಳು) ಬರುವ ವಿಳಾಸಗಳ ಪಟ್ಟಿಯನ್ನು, ಹೊಂದಿಸಿಕೊಡುವ ಸೆಟಪ್ ಉಪಕರಣಗಳಿಗೆ ಬರವಿಲ್ಲ. ಒಂದು ಆಜ್ಞೆ ಕೊಟ್ಟರೆ ಸಾಕು, ವೇಗದ ಮಿರರ್ (ಅದೇ ಪ್ಯಾಕೇಜುಗಳ ಪ್ರತಿಯಿರುವ ಸರ್ವರ್) ಹುಡುಕಿ, ಹಳೆಯ ಪಟ್ಟಿಯನ್ನು ಅಳಿಸಿ, ಹೊಸದನ್ನು ಬರೆದು, ಕೊನೆಯಲ್ಲಿ ಹಸಿರು ಅಕ್ಷರಗಳಲ್ಲಿ ‘ಯಶಸ್ವಿ’ ಎಂದು ತೋರಿಸಿ ಮುಗಿಸುತ್ತವೆ. ಅಂಥದ್ದೊಂದು ಉಪಕರಣದಿಂದಾಗಿ ನಾನು ಕೆಲಸ ಮಾಡುವ ಸಂಸ್ಥೆಯ ಸರ್ವರುಗಳು ತಿಂಗಳುಗಟ್ಟಲೆ ಒಂದೇ ಒಂದು ಭದ್ರತಾ ಅಪ್‌ಡೇಟ್ ಪಡೆಯದೆ ಓಡಿದವು. ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಇಂಥ ಉಪಕರಣವನ್ನು ಬಳಸುವವರೂ ಬರೆಯಲು ಹೊರಟವರೂ ದಯವಿಟ್ಟು ಪೂರ್ತಿ ಓದಿ.

ಉಪಕರಣವನ್ನು ಕೊಟ್ಟದ್ದು ಸರ್ವರುಗಳನ್ನು ಅಳವಡಿಸಿಕೊಟ್ಟ ಹೊರಗಿನ ಸಂಸ್ಥೆ. ಆಗ ನಮ್ಮ ಯಂತ್ರಗಳನ್ನು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 10ನೇ ಆವೃತ್ತಿಯಿಂದ 11ಕ್ಕೆ ಏರಿಸುವ ಕೆಲಸ ನಡೆದಿತ್ತು. ಏರಿಸಿದ ಮೇಲೆ ಪ್ರತಿ ಯಂತ್ರದಲ್ಲೂ ಉಪಕರಣವನ್ನು ಮತ್ತೊಮ್ಮೆ ಓಡಿಸಬೇಕು ಎಂದು ಕೈಪಿಡಿಯಲ್ಲಿ ಬರೆದಿತ್ತು. ಹಾಗೆಯೇ ಆಯಿತು, ಎಲ್ಲ ಕಡೆ ಹಸಿರು. ಆಮೇಲೆ ಪ್ರತಿ ವಾರ, ಡೆಬಿಯನ್ನಿನ ಪ್ಯಾಕೇಜ್ ನಿರ್ವಾಹಕವಾದ ಆಪ್ಟ್‌ನಲ್ಲಿ ‘ಆಪ್ಟ್ ಅಪ್‌ಡೇಟ್’ ಓಡಿದಾಗಲೂ ‘ಎಲ್ಲ ಪ್ಯಾಕೇಜುಗಳೂ ಇತ್ತೀಚಿನವು’ ಎಂಬ ಉತ್ತರವೇ ಬರುತ್ತಿತ್ತು.

ಒಂದು ಲೈಬ್ರರಿಯಲ್ಲಿ ಗಂಭೀರ ದೋಷ ಪತ್ತೆಯಾಗಿ ಡೆಬಿಯನ್ ಭದ್ರತಾ ತಂಡ ಪ್ರಕಟಣೆ ಹೊರಡಿಸಿದಾಗ ನಿಜ ಸ್ಥಿತಿ ಹೊರಬಿತ್ತು. ಸರಿಪಡಿಸಿದ ಆವೃತ್ತಿ ನಮ್ಮಲ್ಲಿ ಬಂದಿದೆಯೇ ಎಂದು ನೋಡಲು ‘ಆಪ್ಟ್ ಪಾಲಿಸಿ’ ಕೊಟ್ಟೆ. ಈ ಆಜ್ಞೆ ಒಂದು ಪ್ಯಾಕೇಜಿನ ಯಾವ ಆವೃತ್ತಿ ಯಾವ ಮೂಲದಿಂದ ಲಭ್ಯವಿದೆ ಎಂಬ ಪಟ್ಟಿ ತೋರಿಸುತ್ತದೆ. ಅಲ್ಲಿ ಮುಖ್ಯ ರೆಪೊಸಿಟರಿಯ (ಪ್ಯಾಕೇಜ್ ಭಂಡಾರದ) ಒಂದು ಸಾಲು, ಅದರ ಮುಂದೆ 500 ಎಂಬ ಆದ್ಯತೆಯ ಅಂಕಿ. ಕೆಳಗೆ ಈಗಾಗಲೇ ಸ್ಥಾಪಿತವಾದದ್ದನ್ನು ಸೂಚಿಸುವ 100ರ ಸಾಲು. ಅಷ್ಟೇ. ಭದ್ರತಾ ರೆಪೊಸಿಟರಿಯ ಹೆಸರೇ ಇರಲಿಲ್ಲ. ಬೇರೆ ಯಂತ್ರಕ್ಕೆ ಹೋದೆ, ಅಲ್ಲೂ ಇಲ್ಲ. ಎಲ್ಲಿಯೂ ಇಲ್ಲ.

ಮೂಲಗಳ ಪಟ್ಟಿಯ ಕಡತವನ್ನು ತೆರೆದಾಗ ಸಾಲು ಸಿಕ್ಕಿತು, ಆದರೆ ಅದರ ಮುಂದೆ ಒಂದು ಹ್ಯಾಷ್ ಚಿಹ್ನೆ (#) ಕುಳಿತಿತ್ತು. ಯಾರೋ ಅದನ್ನು ಆಪ್ಟ್ ಓದದೆ ದಾಟುವ ಟಿಪ್ಪಣಿಯಾಗಿ ಮಾರ್ಪಡಿಸಿದ್ದರು. ಮಾಡಿದ್ದು ಮನುಷ್ಯರಲ್ಲ, ಉಪಕರಣವೇ.

ಹಿನ್ನೆಲೆ ಹೀಗಿದೆ. ಡೆಬಿಯನ್ 10ರ ಸಂಕೇತನಾಮ ಬಸ್ಟರ್. ಅದರ ಭದ್ರತಾ ವಿಭಾಗವನ್ನು ಪಟ್ಟಿಯಲ್ಲಿ ‘ಬಸ್ಟರ್’, ಓರೆಗೆರೆ, ‘ಅಪ್‌ಡೇಟ್ಸ್’ ಎಂದು ಬರೆಯಬೇಕಿತ್ತು. 2021ರ ಆಗಸ್ಟ್‌ನಲ್ಲಿ ಡೆಬಿಯನ್ 11, ಅಂದರೆ ಬುಲ್ಸ್‌ಐ, ಬಂದಾಗ ಈ ಕ್ರಮ ಬದಲಾಗಿ ‘ಬುಲ್ಸ್‌ಐ-ಸೆಕ್ಯುರಿಟಿ’ ಎಂದಾಯಿತು. ಬಿಡುಗಡೆಯ ಟಿಪ್ಪಣಿಯಲ್ಲಿ ಡೆಬಿಯನ್ ಇದನ್ನು ಸ್ಪಷ್ಟವಾಗಿಯೇ ಹೇಳಿತ್ತು. ಉಪಕರಣವನ್ನು ಬರೆದವರು ಹಳೆಯ ಅಚ್ಚನ್ನೇ ಉಳಿಸಿಕೊಂಡು ಸಂಕೇತನಾಮವನ್ನು ಮಾತ್ರ ಬದಲಿಸಿದ್ದರು. ‘ಬುಲ್ಸ್‌ಐ’, ಓರೆಗೆರೆ, ‘ಅಪ್‌ಡೇಟ್ಸ್’ ಎಂಬ ವಿಳಾಸವೇ ಲೋಕದಲ್ಲಿಲ್ಲ. ಆಪ್ಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು: ಈ ರೆಪೊಸಿಟರಿಗೆ ಬಿಡುಗಡೆ ಕಡತವಿಲ್ಲ ಎಂದು ದೋಷ ಹೇಳಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ವಿಳಾಸ ತಪ್ಪುವುದು ಸಾಮಾನ್ಯ, ದೋಷ ಕಂಡರೆ ಐದು ನಿಮಿಷದಲ್ಲಿ ತಿದ್ದಬಹುದು. ಆದರೆ ಉಪಕರಣದ ಒಳಗೆ ‘ಸ್ವಯಂ ದುರಸ್ತಿ’ ಎಂಬ ಹೆಸರಿನ ಒಂದು ಭಾಗವಿತ್ತು. ಅಪ್‌ಡೇಟ್ ವಿಫಲವಾದರೆ ಅದು ದೋಷ ಸಂದೇಶದಿಂದ ರೆಪೊಸಿಟರಿಯ ವಿಳಾಸವನ್ನು ಹೆಕ್ಕಿ, ಆ ಸಾಲಿನ ಮುಂದೆ ಹ್ಯಾಷ್ ಹಾಕಿ, ಅಪ್‌ಡೇಟ್ ಅನ್ನು ಮತ್ತೆ ಓಡಿಸುತ್ತಿತ್ತು. ದೋಷ ನಿಲ್ಲುವ ತನಕ ಇದೇ ಆವರ್ತನೆ. ನಡುವಿನ ಸಂದೇಶಗಳೆಲ್ಲ ನೇರವಾಗಿ ಡೆವ್-ನಲ್‌ಗೆ, ಅಂದರೆ ಕಸದ ಬುಟ್ಟಿಗೆ. ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸುತ್ತಿದೆ ಎಂದು ಅದರ ತಂತಿ ಕತ್ತರಿಸಿ, ಈಗ ಮನೆಯಲ್ಲಿ ಬೆಂಕಿ ಇಲ್ಲ ಎಂದು ವರದಿ ಬರೆದಂತಾಯಿತು.

ಕೊಟ್ಟವರಿಗೆ ಫೋನ್ ಮಾಡಿದೆ. ‘ಸರ್, ದೋಷ ಕಂಡರೆ ಗ್ರಾಹಕರು ಗಾಬರಿಯಾಗಿ ನಮಗೆ ಕರೆ ಮಾಡುತ್ತಾರೆ. ಅದಕ್ಕಾಗಿಯೇ ಹಾಗೆ ಮಾಡಿದ್ದೇವೆ’ ಎಂದರು ಅತ್ತ ಕಡೆಯವರು. ಅವರ ದನಿಯಲ್ಲಿ ಅಳುಕಿರಲಿಲ್ಲ, ಒಳ್ಳೆಯ ಸೌಲಭ್ಯವೊಂದನ್ನು ವಿವರಿಸುವ ಧಾಟಿಯಿತ್ತು. ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ಗ್ರಾಹಕರು ಗಾಬರಿಯಾಗಲೇಬೇಕಾದ ಸಂದರ್ಭ ಅದು.

ಉಪಕರಣದ ಸ್ಕ್ರಿಪ್ಟನ್ನು ಕೂತು ಓದಿದಾಗ ಇನ್ನೂ ಕೆಟ್ಟ ಸಂಗತಿಗಳು ಸಿಕ್ಕವು. ಅವುಗಳ ಗಂಭೀರತೆ ತಿಳಿಯಬೇಕಾದರೆ ಆಪ್ಟ್ ಪ್ಯಾಕೇಜುಗಳನ್ನು ಹೇಗೆ ನಂಬುತ್ತದೆ ಎಂಬುದು ಗೊತ್ತಿರಬೇಕು. ರೆಪೊಸಿಟರಿಯ ಬಿಡುಗಡೆ ಕಡತಕ್ಕೆ (‘ಇನ್‌ರಿಲೀಸ್’) ವಿತರಣೆಯವರು ತಮ್ಮ ಕೀಲಿಯಿಂದ ಡಿಜಿಟಲ್ ಸಹಿ ಹಾಕಿರುತ್ತಾರೆ. ಆ ಕಡತದಲ್ಲಿ ಪ್ಯಾಕೇಜ್ ಸೂಚಿಗಳ ಹ್ಯಾಷ್ ಮೌಲ್ಯಗಳಿರುತ್ತವೆ (ಕಡತ ಒಂದಿಷ್ಟು ಬದಲಾದರೂ ತಾವೂ ಬದಲಾಗುವ ಗುರುತಿನ ಅಂಕಿಗಳು). ಸೂಚಿಯಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಷ್ ಇರುತ್ತದೆ. ಸಹಿ ಸರಿಯಿದ್ದರೆ ಸೂಚಿ ಸರಿ, ಸೂಚಿ ಸರಿಯಿದ್ದರೆ ಪ್ಯಾಕೇಜ್ ಸರಿ. ಮಿರರ್ ಯಾರದ್ದೇ ಆಗಿರಲಿ, ಸಂಪರ್ಕ ಗೂಢಲಿಪಿಯಿಲ್ಲದ ಸಾದಾ ಎಚ್‌ಟಿಟಿಪಿಯೇ ಆಗಿರಲಿ, ದಾರಿಯಲ್ಲಿ ಯಾರಾದರೂ ಪ್ಯಾಕೇಜನ್ನು ತಿದ್ದಿದರೆ ಸಿಕ್ಕಿಬೀಳುವುದು ಈ ಸರಪಳಿಯಿಂದ. ಸರಪಳಿ ಇದ್ದೂ ಅಪಾಯ ತಪ್ಪದ ಉದಾಹರಣೆ ಇದೆ: 2019ರ ಜನವರಿಯಲ್ಲಿ ಆಪ್ಟ್‌ನಲ್ಲೇ ದೋಷವೊಂದು ಹೊರಬಂತು, ಅದರ ದಾಖಲೆ ಸಂಖ್ಯೆ ಸಿವಿಇ-2019-3462. ಎಚ್‌ಟಿಟಿಪಿ ಮರುನಿರ್ದೇಶನವನ್ನು ಆಪ್ಟ್ ನಿಭಾಯಿಸುತ್ತಿದ್ದ ರೀತಿಯಿಂದಾಗಿ ನಡುವೆ ಕುಳಿತವರು ಯಂತ್ರದಲ್ಲಿ ತಮಗೆ ಬೇಕಾದದ್ದನ್ನು ಓಡಿಸಬಹುದಿತ್ತು. ಇರುವ ಸರಪಳಿಯನ್ನೇ ಇಷ್ಟು ಜೋಪಾನ ಮಾಡಬೇಕಾದ ಕಡೆ ಅದನ್ನು ಕಳಚಿಹಾಕುವ ಉಪಕರಣವನ್ನು ಏನೆನ್ನಬೇಕು?

ನಮಗೆ ಕೊಟ್ಟ ಉಪಕರಣ ಕಳಚಿಹಾಕಿತ್ತು. ಅದನ್ನು ಕೊಟ್ಟ ಸಂಸ್ಥೆಯದೇ ಪ್ಯಾಕೇಜುಗಳಿದ್ದ ರೆಪೊಸಿಟರಿಯ ಸಾಲಿನಲ್ಲಿ ‘ಟ್ರಸ್ಟೆಡ್=ಯೆಸ್’ ಎಂದಿತ್ತು. ಈ ಮಾತಿದ್ದರೆ ಸಹಿ ಇರಲಿ ಬಿಡಲಿ, ಆ ಮೂಲವನ್ನು ಆಪ್ಟ್ ಒಪ್ಪಿಕೊಳ್ಳುತ್ತದೆ. ವಿಳಾಸವೂ ಸಾದಾ ಎಚ್‌ಟಿಟಿಪಿ. ಪ್ಯಾಕೇಜಿನೊಳಗಿನ ಸ್ಥಾಪನಾ ಸ್ಕ್ರಿಪ್ಟುಗಳು ರೂಟ್ ಅಧಿಕಾರದಲ್ಲಿ (ಯಂತ್ರದ ಮೇಲೆ ಪೂರ್ಣ ಹಿಡಿತದೊಂದಿಗೆ) ಓಡುತ್ತವೆ ಎಂಬುದನ್ನು ನೆನಪಿಡಿ. ಇದರ ಜೊತೆಗೆ, ಅವರ ಕೀಲಿಯೊಂದು ‘ಟ್ರಸ್ಟೆಡ್.ಜಿಪಿಜಿ.ಡಿ’ ಫೋಲ್ಡರಿನಲ್ಲಿಯೂ ಬಿದ್ದಿತ್ತು. ಆ ಫೋಲ್ಡರಿನಲ್ಲಿ ಇಟ್ಟ ಕೀಲಿ, ಬೇರೆ ಕೀಲಿಯನ್ನು ಹೆಸರಿಸದ ಎಲ್ಲ ಮೂಲಗಳಿಗೂ ಸಲ್ಲುತ್ತದೆ. ಅಂದರೆ ಆ ಸಂಸ್ಥೆಯ ಕೀಲಿ ಕಳುವಾದರೆ, ಕದ್ದವರು ಡೆಬಿಯನ್ನಿನ ಹೆಸರಿನಲ್ಲೇ ನಮಗೆ ಪ್ಯಾಕೇಜ್ ಕಳಿಸಬಹುದಿತ್ತು. ಹಳೆಯ ‘ಆಪ್ಟ್-ಕೀ’ ಆಜ್ಞೆಯನ್ನು ಕೈಬಿಡಲು ಇದೂ ಒಂದು ಕಾರಣ. ಈಗಿನ ಸರಿಯಾದ ಕ್ರಮದಲ್ಲಿ ಕೀಲಿಯನ್ನು ಬೇರೆ ಕೀರಿಂಗ್ ಫೋಲ್ಡರಿನಲ್ಲಿಟ್ಟು, ‘ಸೈನ್ಡ್-ಬೈ’ ಎಂಬ ಸಾಲಿನಿಂದ ಆ ಒಂದು ಮೂಲಕ್ಕೆ ಮಾತ್ರ ಕಟ್ಟಿಹಾಕುತ್ತಾರೆ.

ಮೂರನೆಯದು ಕಣ್ಣಿಗೆ ಬೀಳುವುದೇ ಕಷ್ಟ. ಆಪ್ಟ್‌ನ ಸಂರಚನಾ ಫೋಲ್ಡರಿನಲ್ಲಿ ಒಂದೇ ಸಾಲಿನ ಪುಟ್ಟ ಕಡತ: ‘ಚೆಕ್-ವ್ಯಾಲಿಡ್-ಅಂಟಿಲ್’ ಎಂಬುದಕ್ಕೆ ‘ಫಾಲ್ಸ್’. ಡೆಬಿಯನ್ ಭದ್ರತಾ ವಿಭಾಗದ ಬಿಡುಗಡೆ ಕಡತಕ್ಕೆ ಮುಕ್ತಾಯದ ದಿನಾಂಕವಿರುತ್ತದೆ. ಮಿರರ್ ಹೊಸದನ್ನು ತರುವುದು ನಿಲ್ಲಿಸಿದರೆ, ಅಥವಾ ಯಾರಾದರೂ ಬೇಕೆಂದೇ ಹಳೆಯ ಪ್ರತಿಯನ್ನು ತೋರಿಸುತ್ತಿದ್ದರೆ, ದಿನಾಂಕ ಮೀರಿದ ತಕ್ಷಣ ಆಪ್ಟ್ ತಗಾದೆ ತೆಗೆಯುತ್ತದೆ. ಆ ಪರಿಶೀಲನೆಯನ್ನೇ ಎಲ್ಲ ಮೂಲಗಳಿಗೂ ನಿಲ್ಲಿಸಿಬಿಟ್ಟಿದ್ದರು. ನಮ್ಮ ಮಿರರ್ ಹಾಗೆ ನಿಂತಿರಲಿಲ್ಲ, ಆದರೆ ನಿಂತಿದ್ದರೂ ನಮಗೆ ತಿಳಿಯುತ್ತಿರಲಿಲ್ಲ.

ಸರಿಪಡಿಸುವ ಕೆಲಸ ಸರಳವಾಗಿರಲಿಲ್ಲ. ಮೂಲಗಳ ಪಟ್ಟಿಯನ್ನು ಕೈಯಿಂದಲೇ ಬರೆದು ಅಪ್‌ಡೇಟ್ ಕೊಟ್ಟಾಗ ಬಾಕಿಯಿದ್ದ ಪ್ಯಾಕೇಜುಗಳ ಪಟ್ಟಿ ಪರದೆ ಮೀರಿ ಹರಿಯಿತು. ವ್ಯವಸ್ಥೆಯ ತಿರುಳಾದ ಕರ್ನಲ್ ಸಹ ಅದರಲ್ಲಿತ್ತು, ಹಾಗಾಗಿ ಎಲ್ಲ ಯಂತ್ರಗಳನ್ನೂ ಮರುಪ್ರಾರಂಭಿಸಬೇಕಾಯಿತು. ಸಹಿ ನೋಡದೆ ಪ್ಯಾಕೇಜ್ ಒಳಗೆ ಬಿಟ್ಟುಕೊಂಡ ಯಂತ್ರಗಳ ವಿಷಯದಲ್ಲಿ ಇಷ್ಟೇ ಸಾಲದು. ಸ್ಥಾಪಿತ ಕಡತಗಳನ್ನು ಪರೀಕ್ಷಿಸುವ ಸಲಕರಣೆಗಳಿವೆ ನಿಜ, ಆದರೆ ಅವು ಹೋಲಿಸಿ ನೋಡುವ ಹ್ಯಾಷ್ ಮೌಲ್ಯಗಳು ಬರುವುದು ಅದೇ ಪ್ಯಾಕೇಜಿನಿಂದ. ಪ್ಯಾಕೇಜೇ ನಕಲಿಯಾಗಿದ್ದರೆ ಪರೀಕ್ಷೆಯೂ ಪಾಸಾಗುತ್ತದೆ. ಆ ಯಂತ್ರಗಳಲ್ಲಿದ್ದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟಿದೆವು, ಪಾಸ್‌ವರ್ಡುಗಳನ್ನೂ ಎಸ್‌ಎಸ್‌ಎಚ್ ಕೀಲಿಗಳನ್ನೂ ಬದಲಿಸಿದೆವು.

ಆಮೇಲೆ ನಮ್ಮದೇ ಚಿಕ್ಕ ಉಪಕರಣ ಬರೆಯಲು ಕುಳಿತಾಗ, ಇದೇ ಬಗೆಯ ಸದ್ದಿಲ್ಲದ ಗುಂಡಿಗಳು ಎಷ್ಟಿವೆ ಎಂದು ಗೊತ್ತಾಯಿತು. ನೀವೂ ಬರೆಯುವವರಾದರೆ ಕೆಲವನ್ನು ಇಲ್ಲೇ ತಿಳಿದುಕೊಳ್ಳಿ.

ಡೆಬಿಯನ್ 12ರಲ್ಲಿ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಹೊಸ ವಿಭಾಗ ಬಂತು. ಪ್ರೊಸೆಸರಿನ ಒಳಗಿನ ದೋಷಗಳನ್ನು ತಿದ್ದುವ ಮೈಕ್ರೊಕೋಡ್ ಪ್ಯಾಕೇಜುಗಳು ಅಲ್ಲಿಗೆ ಸ್ಥಳಾಂತರವಾದವು. ‘ಮೇನ್, ಕಾಂಟ್ರಿಬ್, ನಾನ್-ಫ್ರೀ’ ಎಂಬ ಹಳೆಯ ಮೂರನ್ನೇ ಬರೆಯುವ ಉಪಕರಣ ಯಾವ ದೋಷವನ್ನೂ ತೋರಿಸುವುದಿಲ್ಲ. ಮೈಕ್ರೊಕೋಡ್ ಅಪ್‌ಡೇಟ್ ಬರುವುದು ನಿಲ್ಲುತ್ತದೆ, ಅಷ್ಟೇ. ಸಂಕೇತನಾಮದ ಬದಲು, ಆಯಾ ಕಾಲದ ಸ್ಥಿರ ಆವೃತ್ತಿಯನ್ನು ಸೂಚಿಸುವ ‘ಸ್ಟೇಬಲ್’ ಎಂದು ಬರೆಯುವವರು 2025ರ ಆಗಸ್ಟ್ 9ರಂದು ಏನಾಯಿತು ಎಂದು ನೋಡಲಿ. ಅಂದು ಡೆಬಿಯನ್ 13 ಬಿಡುಗಡೆಯಾಗಿ, ‘ಸ್ಟೇಬಲ್’ ಎಂಬ ಹೆಸರು ಬುಕ್‌ವರ್ಮ್‌ನಿಂದ (ಡೆಬಿಯನ್ 12) ಟ್ರಿಕ್ಸಿಗೆ (ಡೆಬಿಯನ್ 13) ದಾಟಿತು. ಇಂಥ ಬದಲಾವಣೆ ಕಂಡಾಗ ಆಪ್ಟ್ ತಡೆದು ಒಪ್ಪಿಗೆ ಕೇಳುತ್ತದೆ. ಆ ಒಪ್ಪಿಗೆಯನ್ನು ಮೊದಲೇ ಸ್ಕ್ರಿಪ್ಟಿನಲ್ಲಿ ಬರೆದಿಟ್ಟಿದ್ದರೆ, ಸಾಮಾನ್ಯ ಅಪ್‌ಗ್ರೇಡ್ ಎಂದುಕೊಂಡದ್ದು ಅರ್ಧಂಬರ್ಧ ಆವೃತ್ತಿ ಬದಲಾವಣೆಯಾಗಿ ಯಂತ್ರ ಕೂತುಬಿಡುತ್ತದೆ.

ಆಪ್ಟ್ ಬಳಸುವ ಇನ್ನೊಂದು ವಿತರಣೆಯಾದ ಉಬುಂಟುವಿನಲ್ಲಿ 24.04ನೇ ಆವೃತ್ತಿಯಿಂದ ಮೂಲಗಳ ವಿವರ ಹಳೆಯ ಸೋರ್ಸಸ್.ಲಿಸ್ಟ್ ಕಡತದಲ್ಲಿಲ್ಲ, ‘ಉಬುಂಟು.ಸೋರ್ಸಸ್’ ಎಂಬ ಬೇರೆ ಕಡತದಲ್ಲಿ, ಹೊಸ ವಿನ್ಯಾಸದಲ್ಲಿದೆ. ಹಳೆಯ ಕಡತಕ್ಕೆ ಹೊಸ ಮಿರರ್ ಬರೆದು ಕೆಲಸ ಮುಗಿಯಿತು ಎನ್ನುವ ಉಪಕರಣ ಮೊದಲಿನ ಮಿರರನ್ನು ಮುಟ್ಟಿಯೇ ಇರುವುದಿಲ್ಲ. ಎಆರ್‌ಎಂ ಬಗೆಯ ಪ್ರೊಸೆಸರಿರುವ ಯಂತ್ರಗಳಿಗೆ ಉಬುಂಟು ಪ್ಯಾಕೇಜುಗಳು ಸಿಗುವುದು ‘ಪೋರ್ಟ್ಸ್’ ಎಂಬ ಬೇರೆ ವಿಳಾಸದಲ್ಲಿ. ಉಬುಂಟುವನ್ನು ಆಧರಿಸಿದ ಲಿನಕ್ಸ್ ಮಿಂಟ್‌ನಲ್ಲಿ ಯಂತ್ರದ ಸಂಕೇತನಾಮ ಮಿಂಟ್‌ನದು. ಉಬುಂಟು ಮೂಲಗಳ ಸಾಲಿಗೆ ಬೇಕಾದ ಉಬುಂಟುವಿನ ಹೆಸರು ‘ಉಬುಂಟು_ಕೋಡ್‌ನೇಮ್’ ಎಂಬ ಬೇರೆ ಸಾಲಿನಲ್ಲಿರುತ್ತದೆ.

ಬೇರೆ ವಿತರಣೆಗಳಲ್ಲೂ ರೋಗ ಇದೇ. ಫೆಡೊರಾ ಬಳಗದಲ್ಲಿ ‘ಜಿಪಿಜಿಚೆಕ್’ ಸೊನ್ನೆಯಾಗಿದ್ದರೆ ಪ್ಯಾಕೇಜಿನ ಸಹಿ ನೋಡುವುದಿಲ್ಲ. ‘ಸ್ಕಿಪ್_ಇಫ್_ಅನ್‌ಅವೈಲಬಲ್’ ಇದ್ದರೆ ಸಿಗದ ರೆಪೊಸಿಟರಿಯನ್ನು ದಾಟಿ ಮುಂದೆ ಹೋಗುತ್ತದೆ. ಅದೇ ಬಳಗದ ಸೆಂಟ್‌ಒಎಸ್ 8ರ ಆಯುಷ್ಯ 2021ರ ಡಿಸೆಂಬರ್ 31ಕ್ಕೆ ಮುಗಿದು, ಅದರ ಪ್ಯಾಕೇಜುಗಳು ‘ವಾಲ್ಟ್’ ಎಂಬ ಹಳೆಯ ದಾಸ್ತಾನಿಗೆ ಹೋದವು. ಆಗ ಎಷ್ಟೋ ಸ್ಕ್ರಿಪ್ಟುಗಳು ವಿಳಾಸವನ್ನು ವಾಲ್ಟ್‌ಗೆ ತಿರುಗಿಸಿ ದೋಷವನ್ನು ‘ಸರಿಪಡಿಸಿದವು’. ದೋಷ ಹೋಯಿತು, ಅಪ್‌ಡೇಟ್ ಎಂದೆಂದಿಗೂ ಬರುವುದಿಲ್ಲ.

ನಮ್ಮ ಉಪಕರಣ ಈಗ ಮಾಡುವುದು ಕಡಿಮೆ. ತಾನು ಬರೆಯಬೇಕೆಂದಿರುವ ಪ್ರತಿ ಮೂಲದ ಬಿಡುಗಡೆ ಕಡತವನ್ನು ಮೊದಲು ತರಿಸಿ, ಸಹಿಯನ್ನು ಪರೀಕ್ಷಿಸಿ, ಒಂದು ಸಿಗದಿದ್ದರೂ ಏನನ್ನೂ ಬದಲಿಸದೆ ಕೆಂಪು ಅಕ್ಷರಗಳಲ್ಲಿ ಕಾರಣ ಹೇಳಿ ನಿಲ್ಲುತ್ತದೆ. ಹೊಸ ಕಡತವನ್ನು ಪಕ್ಕದಲ್ಲಿ ಪೂರ್ತಿ ಬರೆದ ಮೇಲೆಯೇ ಹಳೆಯದರ ಜಾಗಕ್ಕೆ ತರುತ್ತದೆ. ತಾನು ಬರೆಯದ ಕಡತಗಳ ತಂಟೆಗೆ ಹೋಗುವುದಿಲ್ಲ. ಅಪ್‌ಡೇಟ್ ಆಜ್ಞೆಗೆ ‘ಎರರ್-ಆನ್=ಎನಿ’ ಎಂಬ ಆಯ್ಕೆ ಸೇರಿಸಿದ್ದೇವೆ. ಇದು ಮುಖ್ಯ, ಏಕೆಂದರೆ ಜಾಲದ ತಾತ್ಕಾಲಿಕ ತೊಂದರೆಯಿಂದ ಕೆಲವು ಸೂಚಿಗಳು ಬರದಿದ್ದಾಗ ಆಪ್ಟ್ ಎಚ್ಚರಿಕೆಯೊಂದನ್ನು ಮುದ್ರಿಸಿ, ಹಳೆಯ ಸೂಚಿಯನ್ನೇ ಬಳಸಿ, ಯಶಸ್ಸಿನ ಸಂಕೇತವಾದ ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ಎಚ್ಚರಿಕೆ ಓದದೆ ಸೊನ್ನೆ ಮಾತ್ರ ನೋಡುವ ಸ್ಕ್ರಿಪ್ಟಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ನಮಗೆ ಸಿಕ್ಕಂಥ ಉಪಕರಣ ನಿಮ್ಮ ಯಂತ್ರದಲ್ಲೂ ಓಡಿರಬಹುದು. ಇಂದೇ ಎರಡು ಕೆಲಸ ಮಾಡಿ. ಯಾವ ಪ್ಯಾಕೇಜಿನ ಹೆಸರನ್ನೂ ಕೊಡದೆ ‘ಆಪ್ಟ್ ಪಾಲಿಸಿ’ ಎಂದಷ್ಟೇ ಬರೆದರೆ ಎಲ್ಲ ಮೂಲಗಳೂ ಕಾಣುತ್ತವೆ. ಅಲ್ಲಿ ಹೆಸರಿನ ಕೊನೆಗೆ ‘ಸೆಕ್ಯುರಿಟಿ’ ಎಂದಿರುವ ಸಾಲು ಇದೆಯೇ ನೋಡಿ. ಬಳಿಕ ಆಪ್ಟ್ ಫೋಲ್ಡರಿನ ಎಲ್ಲ ಕಡತಗಳಲ್ಲಿ ‘ಟ್ರಸ್ಟೆಡ್=ಯೆಸ್’ ಮತ್ತು ‘ವ್ಯಾಲಿಡ್-ಅಂಟಿಲ್’ ಎಂಬ ಮಾತುಗಳನ್ನು ಹುಡುಕಿ; ಹೊಸ ವಿನ್ಯಾಸದ ಕಡತಗಳಲ್ಲಿ ಮೊದಲನೆಯದು ಸಮಚಿಹ್ನೆಯ ಬದಲು ಒಂದರ ಮೇಲೊಂದು ಎರಡು ಚುಕ್ಕಿಗಳ ಚಿಹ್ನೆಯೊಂದಿಗೆ ‘ಟ್ರಸ್ಟೆಡ್: ಯೆಸ್’ ಎಂದಿರುತ್ತದೆ. ಹುಡುಕಾಟದಲ್ಲಿ ಏನಾದರೂ ಸಿಕ್ಕಿದರೆ, ಆ ಸಾಲನ್ನು ಅಳಿಸುವ ಮೊದಲು ಕಡತದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಅಂದಿನಿಂದ ಯಂತ್ರಕ್ಕೆ ಏನೇನು ಬಂದಿದೆ ಎಂಬುದನ್ನು ಆಪ್ಟ್‌ನ ಇತಿಹಾಸ ಲಾಗ್‌ನಲ್ಲಿ ಹುಡುಕಲು ಆ ದಿನಾಂಕ ಬೇಕಾಗುತ್ತದೆ.