ಏಳು ವರ್ಷದ ಸಿಂಗಲ್ ಡೋರ್ ಫ್ರಿಜ್: ತಂಪು ಚೆನ್ನ, ನೀರು ಹೋಗುವ ತೂತಿನದೇ ತಕರಾರು

2018ರ ಯುಗಾದಿಗೆ ತಂದ ಫ್ರಿಜ್ ಇದು. ಶಿವಮೊಗ್ಗದ ಮನೆ, ನಾಲ್ಕು ಜನ. ತಂಪಿನ ಬಗ್ಗೆಯಾಗಲಿ, ಕರೆಂಟ್ ಬಿಲ್ಲಿನ ಬಗ್ಗೆಯಾಗಲಿ ನನ್ನದೇನೂ ದೂರಿಲ್ಲ. ಬರೆಯಲು ಕೂತದ್ದು ಕಿರುಬೆರಳು ತೂರುವಷ್ಟು ಅಗಲದ ಒಂದು ತೂತಿನ ಬಗ್ಗೆ.

ಮೂರನೇ ಮಳೆಗಾಲದಲ್ಲಿ ಶುರುವಾಯಿತು. ತರಕಾರಿ ಬುಟ್ಟಿ ಎಳೆದರೆ ಅಡಿಯಲ್ಲಿ ನೀರು. ಒರೆಸಿದರೆ ಎರಡು ದಿನಕ್ಕೆ ಮತ್ತೆ ಅಷ್ಟೇ. ಬಿಡಿಸಿ ಇಟ್ಟ ಕೊತ್ತಂಬರಿ ಸೊಪ್ಪು ಕೊಳೆತು ಲೋಳೆಯಾಯಿತು. "ಬಾಗಿಲ ರಬ್ಬರ್ ಹೋಗಿರ್ಬೇಕು ಕಣೇ" ಅಂದರು ಅತ್ತೆ. ನಮ್ಮ ಮನೆಯವರು ಗ್ಯಾಸ್ ಲೀಕ್ ಅಂದರು, ಆದರೆ ತಂಪು ಚೂರೂ ಕಡಿಮೆಯಾಗಿರಲಿಲ್ಲ. ಕೊನೆಗೆ ರಿಪೇರಿಯವರು ಬಂದರು. ಫ್ರೀಜರ್ ಕೆಳಗಿನ ಟ್ರೇ ಎಳೆದು, ಹಿಂದಿನ ತೂತಿಗೆ ಬಿಸಿನೀರು ಬಿಟ್ಟು, ಐದೇ ನಿಮಿಷದಲ್ಲಿ ಮುಗಿಸಿ 450 ರೂಪಾಯಿ ತೆಗೆದುಕೊಂಡರು. ದುಡ್ಡಿಗಿಂತ ಸಿಟ್ಟು ಬಂದದ್ದು ಕೈಪಿಡಿಯ ಮೇಲೆ. ಅಷ್ಟು ಪುಟಗಳಲ್ಲಿ ಈ ತೂತನ್ನು ಹೇಗೆ ತೊಳೆಯಬೇಕು ಅಂತ ಒಂದು ಸಾಲೂ ಇಲ್ಲ.

ಬಾಗಿಲು ತೆಗೆದಾಗೆಲ್ಲ ತೇವದ ಗಾಳಿ ಒಳಗೆ ಹೋಗಿ ಫ್ರೀಜರ್ ಸುತ್ತ ಐಸ್ ಕಟ್ಟುತ್ತದೆ. ನಮ್ಮೂರ ಜುಲೈನಲ್ಲಿ ಕೇಳಬೇಕೇ! ಡಿಫ್ರಾಸ್ಟ್ ಗುಂಡಿ ಒತ್ತಿದಾಗ, ಇಲ್ಲವೇ ಕರೆಂಟ್ ಹೋಗಿ ಗಂಟೆಗಟ್ಟಲೆ ಬಾರದಿದ್ದಾಗ, ಆ ಐಸ್ ಕರಗಿ ತೂತಿನಿಂದ ಪೈಪಿಗಿಳಿದು ಹಿಂಬದಿಯ ಟ್ರೇಗೆ ಬೀಳುತ್ತದೆ. ಕಂಪ್ರೆಸರ್ ಬಿಸಿಗೆ ಅಲ್ಲೇ ಆವಿಯಾಗುತ್ತದೆ. ದಾರಿಯಲ್ಲಿ ಒಂದು ಕರಿಬೇವಿನ ಎಲೆ ಸಿಕ್ಕಿಕೊಂಡರೆ ಸಾಕು, ನೀರು ವಾಪಸ್ ಒಳಗೇ ಇಳಿಯುತ್ತದೆ. ನಮ್ಮಲ್ಲಿ ಸಿಕ್ಕಿದ್ದು, ಉಕ್ಕಿ ಸುರಿದ ದೋಸೆ ಹಿಟ್ಟು.

ಆಮೇಲೆ ನಾನೇ ಕಲಿತೆ. ತಿಂಗಳಿಗೊಂದು ಭಾನುವಾರ, ತಿಂಡಿ ಮುಗಿದ ಮೇಲೆ, ಮೊದಲು ಪ್ಲಗ್ ಕಿತ್ತು ಹಾಲು ಮೊಸರನ್ನು ತಣ್ಣೀರಿನ ಪಾತ್ರೆಯಲ್ಲಿಡುತ್ತೇನೆ. ಐಸ್ ತಾನಾಗಿ ಕರಗಬೇಕು. ಚಾಕುವಿನಿಂದ ಕೆರೆದರೆ ಫ್ರೀಜರ್ ತಗಡು ತೂತಾಗಿ ನಿಜಕ್ಕೂ ಗ್ಯಾಸ್ ಹೋಗುತ್ತದೆ. ಒಂದು ಚೊಂಬು ನೀರಿಗೆ ಒಂದು ಚಮಚ ಅಡುಗೆ ಸೋಡಾ, ಸ್ನಾನದ ನೀರಿನಷ್ಟೇ ಬಿಸಿ. ಕುದಿಯುವ ನೀರಿಗೆ ಪ್ಲಾಸ್ಟಿಕ್ ಸೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೊಂಡ ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ ಎಳೆದು, ತೂತಿಗೆ ಮೆಲ್ಲಗೆ ಒತ್ತುತ್ತೇನೆ. ಮೊದಲೆರಡು ಸಲ ನೀರು ಹಿಂದಕ್ಕೇ ಬರುತ್ತದೆ. ಮೂರನೆಯದಕ್ಕೆ ಒಳಗೆಲ್ಲೋ ಗುಳುಕ್ ಅನ್ನುತ್ತದೆ, ಹಿಂಬದಿ ಟ್ರೇಯಲ್ಲಿ ತಟತಟ ಹನಿ ಬೀಳುವ ಸದ್ದು ಕೇಳುತ್ತದೆ. ಆ ಸದ್ದು ಕೇಳಿದ ಕೂಡಲೇ ಮನಸ್ಸು ಹಗುರಾಗುತ್ತದೆ, ಸುಳ್ಳಲ್ಲ. ತಂತಿ ಮಾತ್ರ ತುರುಕಬೇಡಿ, ಒಳಗಿನ ಪೈಪ್ ಹರಿದರೆ ರಿಪೇರಿ ಸುಲಭವಲ್ಲ.

ಇಷ್ಟೆಲ್ಲ ಮಾಡುತ್ತಿದ್ದರೂ ಹಿಂಬದಿಯ ಟ್ರೇಯನ್ನು ನಾನು ನೋಡುತ್ತಲೇ ಇರಲಿಲ್ಲ. ಆವಿಯಾಗುತ್ತದಲ್ಲ, ಇನ್ನೇನು ಎಂಬ ಧೈರ್ಯ. ಕರ್ನಾಟಕದಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ 2024ರಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು, "ಫ್ರಿಜ್ ಹಿಂದೆ ಒಮ್ಮೆ ನೋಡ್ಬೇಕಿತ್ತು ಅಕ್ಕಾ" ಅಂದರು. ಟಾರ್ಚ್ ಬಿಟ್ಟರೆ ಒಂದಿಂಚು ನೀರಿನಲ್ಲಿ ಮರಿಹುಳುಗಳು ಮಿಸುಕಾಡುತ್ತಿದ್ದವು. ಮಳೆಗಾಲದಲ್ಲಿ ಇಳಿಯುವ ನೀರೇ ಹೆಚ್ಚು, ಒಣಗುವುದು ನಿಧಾನ. ಮಗ ಮಲಗುವ ಕೋಣೆ ಪಕ್ಕದಲ್ಲೇ ಇದೆ. ಅವತ್ತು ಆದ ನಾಚಿಕೆ, ಭಯ ಇನ್ನೂ ಮರೆತಿಲ್ಲ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೂ ಟ್ರೇ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ತಿಕ್ಕಿಯೇ ತೊಳೆಯಬೇಕು ಎಂದು ಆಕೆಯೇ ಹೇಳಿಕೊಟ್ಟರು.

ಈಗ ಪ್ರತಿ ಶುಕ್ರವಾರ ಮನೆ ಒರೆಸುವಾಗ ಟ್ರೇ ಖಾಲಿ. ಕಂಪ್ರೆಸರ್ ಸುಡುತ್ತಿರುತ್ತದೆ, ಆದ್ದರಿಂದ ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟು ಕೈ ಹಾಕುತ್ತೇನೆ. ನಮ್ಮದರ ಟ್ರೇಗೆ ಎರಡು ಸ್ಕ್ರೂ, ಪ್ರತಿ ವಾರ ಸ್ಕ್ರೂಡ್ರೈವರ್ ಹಿಡಿಯಬೇಕು. ಐದರಲ್ಲಿ ಒಂದು ಅಂಕ ಕಡಿತ ಅದಕ್ಕೇ. ತೂತಿನ ಸಿಟ್ಟು ಇಳಿದಿದೆ, ಕಳೆದ ಮಳೆಗಾಲದಲ್ಲಿ ತರಕಾರಿ ಬುಟ್ಟಿಯ ಅಡಿ ಪೂರ್ತಿ ಒಣಗಿತ್ತು.

ಹೊಸದು ಕೊಳ್ಳುವವರು ಅಂಗಡಿಯಲ್ಲೇ ಫ್ರಿಜ್ಜನ್ನು ತಿರುಗಿಸಿ ತೋರಿಸಲು ಹೇಳಿ. ಟ್ರೇ ಬರಿಗೈಯಲ್ಲಿ ಬಿಚ್ಚಲು ಬರುತ್ತದೆಯೇ ನೋಡಿ.